ವಯಸ್ಸಾದವರನ್ನು ಕೊಡಗಿಗೆ ಕರೆತರುವ ಮುನ್ನ ಬಚ್ಚಲೊಲೆ ನೋಡಿ

ಬೆಂಗಳೂರಿನ ಹೊಗೆ, ದೂಳಿನಿಂದ ಬಿಡಿಸಿ ಅಪ್ಪ ಅಮ್ಮನನ್ನು ಕೊಡಗಿನಲ್ಲಿ ಇರಿಸಿದರೆ ಇನ್ನಷ್ಟು ಕಾಲ ಆರೋಗ್ಯವಾಗಿರುತ್ತಾರೆಯೇ ಎಂದು ಕೇಳಿದ್ದೀರಿ. ಮಡಿಕೇರಿ ಬಳಿಯ ತೋಟದ ಮನೆಯಲ್ಲಿ ಬೆಳೆದವಳು ನಾನು. ಖಂಡಿತ ಕರೆತನ್ನಿ. ಆದರೆ ಹೊರಗಿನ ಗಾಳಿಯನ್ನು ನಂಬಿ ಒಳಗಿನದನ್ನು ಮರೆಯಬೇಡಿ.

ನನ್ನ ಅಮ್ಮ ಬೀಡಿ, ಸಿಗರೇಟು ಮುಟ್ಟಿದವರಲ್ಲ. ಆದರೂ ಅರವತ್ತು ದಾಟುತ್ತಿದ್ದಂತೆ ಕಣದ ಏರು ಹತ್ತುವಾಗ ನಡುವೆ ನಿಲ್ಲತೊಡಗಿದರು. ವಯಸ್ಸಾಯಿತಲ್ಲ ಎನ್ನುತ್ತಿದ್ದರು. ಊದಿಸಿ ನೋಡುವ ಸ್ಪೈರೋಮೆಟ್ರಿ ಪರೀಕ್ಷೆಯಲ್ಲಿ ಸಿಒಪಿಡಿ, ಅಂದರೆ ಶ್ವಾಸನಾಳಗಳು ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಕಾಯಿಲೆ ಎಂದು ತಿಳಿಯಿತು. ಡಾಕ್ಟರು ಮೊದಲು ವಿಚಾರಿಸಿದ್ದು ಒಲೆಯನ್ನು. ಇಲ್ಲಿನ ಮಳೆಗಾಲದಲ್ಲಿ ಸೌದೆ ಒಣಗುವುದೇ ಇಲ್ಲ. ಹಸಿ ಸೌದೆ ಉರಿಯದೆ ಹೊಗೆಯಾಡುತ್ತದೆ. ಊದುಕೊಳವೆ ಹಿಡಿದವರು ಪ್ರತಿ ಸಲ ಊದುವ ಮೊದಲು ಅದೇ ಹೊಗೆಯನ್ನು ಎದೆ ತುಂಬ ಎಳೆದುಕೊಳ್ಳುತ್ತಾರೆ. ಚಳಿಗೆ ಕಿಟಕಿಯೂ ಮುಚ್ಚಿರುತ್ತದೆ. ಗ್ಯಾಸ್ ಬಂದ ಎಷ್ಟೋ ಮನೆಗಳಲ್ಲಿ ಸ್ನಾನದ ನೀರಿಗೆ ಇಂದಿಗೂ ಹಂಡೆಯೊಲೆಯೇ ಗತಿ. ಅದನ್ನು ಹೊತ್ತಿಸಲು ಪ್ಲಾಸ್ಟಿಕ್ ಕವರ್ ಬೇರೆ!

ಹೊಗೆಯಲ್ಲಿನ 2.5 ಮೈಕ್ರಾನ್‌ಗಿಂತ ಸಣ್ಣ ಕಣಗಳು ಶ್ವಾಸಕೋಶದ ಆಳಕ್ಕಿಳಿದು ಉರಿಯೂತ ಹುಟ್ಟಿಸುತ್ತವೆ. ಅತಿ ಸಣ್ಣವು ರಕ್ತಕ್ಕೂ ಸೇರುತ್ತವೆ. ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯ ಹೆಚ್ಚುವುದು ಹೀಗೆ. ಮುಪ್ಪಿನ ಮರೆವಿನ ಕಾಯಿಲೆಗೆ ದಾರಿಮಾಡುವ, ಆದರೆ ನಾವು ತಗ್ಗಿಸಬಹುದಾದ ಕಾರಣಗಳ ಪಟ್ಟಿಗೆ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2020ರಲ್ಲಿ ವಾಯುಮಾಲಿನ್ಯವನ್ನೂ ಸೇರಿಸಿತು. ಈ ಕಣಗಳ ವಾರ್ಷಿಕ ಸರಾಸರಿ ಘನಮೀಟರಿಗೆ 5 ಮೈಕ್ರೋಗ್ರಾಂ ಮೀರಬಾರದು ಎಂದು 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ನಮ್ಮ ದೇಶದ ಮಿತಿ 40. ಹಾಗಾಗಿ ವರದಿಯಲ್ಲಿ ‘ಮಿತಿಯೊಳಗಿದೆ’ ಎಂದು ಕಂಡರೂ ನಿಶ್ಚಿಂತರಾಗಬೇಡಿ.

ಮನೆ ತೋಟದ ನಡುವೆ ಇದ್ದರೆ, ಗಿಡಗಳಿಗೆ ಔಷಧಿ ಹೊಡೆಯುವ ದಿನವನ್ನು ಮುಂಚಿತವಾಗಿ ತಿಳಿಸುವಂತೆ ತೋಟದ ಕೆಲಸ ನೋಡಿಕೊಳ್ಳುವ ರೈಟರಿಗೆ ಹೇಳಿಡಿ. ಬಾವಿ ಇಳಿಜಾರಿನ ಕೆಳಗಿದ್ದರೆ ನೀರನ್ನೂ ಪರೀಕ್ಷಿಸಿ. ಔಷಧಿ ಹೊಡೆಯುವ ಲೈನ್ ಮನೆಯವರಲ್ಲಿ, ಅಂದರೆ ತೋಟದ ಸಾಲುಮನೆಗಳಲ್ಲಿರುವ ಕಾರ್ಮಿಕರಲ್ಲಿ, ಅನೇಕರಿಗೆ ಮುಖಕ್ಕೆ ಸುತ್ತಿದ ಟವೆಲೇ ರಕ್ಷಣೆ. ಅವರ ಮುಪ್ಪು ಹೇಗಿರುತ್ತದೆ ಎಂದು ಯಾರೂ ಕೇಳುವುದಿಲ್ಲ, ಅದು ನನ್ನನ್ನು ಬಹಳ ನೋಯಿಸುತ್ತದೆ.

ನಮ್ಮಲ್ಲಿ ಈಗ ಅಡುಗೆಗೆ ಗ್ಯಾಸ್, ಸ್ನಾನಕ್ಕೆ ಗೀಸರ್. ಕರೆಂಟು ಹೋದ ದಿನಗಳಿಗೆಂದು ಹಂಡೆಯೊಲೆಯನ್ನು ಮನೆಯಿಂದಾಚೆ ಕಟ್ಟಿಸಿ, ಸೂರಿಗಿಂತ ಎತ್ತರಕ್ಕೆ ಹೊಗೆ ಕೊಳವೆ ಹಾಕಿಸಿದ್ದೇವೆ. ಅಮ್ಮನ ಉಸಿರು ಮೊದಲಿನಂತಾಗಿಲ್ಲ, ರಾತ್ರಿಯ ಕೆಮ್ಮು ಮಾತ್ರ ತಗ್ಗಿದೆ. ನೀವು ಮನೆ ನೋಡಲು ಜುಲೈಯಲ್ಲೇ ಬನ್ನಿ, ಒಲೆ ಉರಿಯುತ್ತಿರುವ ಬೆಳಗಿನ ಹೊತ್ತಿಗೆ.