ಫಿಶ್ ಟ್ಯಾಂಕ್ ಇರುವ ಮನೆಯಲ್ಲಿ ಬೂಷ್ಟು: ಇಂಜಿನಿಯರ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಮಳೆ ಹಿಡಿದಾಗಿಂದ ಟ್ಯಾಂಕ್ ಹಿಂದಿನ ಗೋಡೆ ಕಪ್ಪಾಗಿದೆ, ಕಪಾಟಿನಲ್ಲಿ ಮುಗ್ಗಲು ವಾಸನೆ ಬರುತ್ತಿದೆ ಅಂತ ದಿನಾ ಮೆಸೇಜ್ ಬರುತ್ತಿವೆ. ಮಂಗಳೂರಿನಲ್ಲಿ ಕಟ್ಟಡಗಳ ತೇವ, ಸೋರಿಕೆ ಸರಿ ಮಾಡಿಸುವ ಸಿವಿಲ್ ಇಂಜಿನಿಯರ್ ಮೇಡಂ ಒಬ್ಬರು ಉತ್ತರಿಸಲು ಒಪ್ಪಿದ್ದಾರೆ. ಅವರೂ ಮೀನು ಸಾಕುತ್ತಾರೆ. ಊರು, ಟ್ಯಾಂಕ್ ಅಳತೆ ಬರೆದು ಕೇಳಿ.

ಮೈಸೂರಿನಿಂದ: ಮೇಡಂ, 2 ಅಡಿ ಟ್ಯಾಂಕ್. ಹಿಂದಿನ ಗೋಡೆಯ ಬಣ್ಣ ಉಬ್ಬಿ ಉದುರುತ್ತಿದೆ. ನೆಲದ ಹತ್ತಿರ ಬಿಳಿ ಪುಡಿ. ಇದು ಬೂಷ್ಟಾ?

ಇಂಜಿನಿಯರ್: ಪುಡಿಯ ಮೇಲೆ ನೀರು ಚಿಮುಕಿಸಿ. ಕರಗಿದರೆ ಉಪ್ಪು. ಗೋಡೆಯೊಳಗಿಂದ ಬರುವ ನೀರು ಇಟ್ಟಿಗೆ, ಸಿಮೆಂಟಿನ ಉಪ್ಪನ್ನು ಹೊತ್ತು ತರುತ್ತದೆ. ಅದಕ್ಕೂ ಟ್ಯಾಂಕಿನ ಆವಿಗೂ ಸಂಬಂಧ ಇಲ್ಲ. ಗೋಡೆಯ ಆ ಕಡೆ ಬಾತ್‌ರೂಮ್ ಇದೆಯಾ ನೋಡಿ.

ಸುರತ್ಕಲ್‌ನಿಂದ: ಮೇಡಂ, ನಮ್ಮದು ಫ್ಲ್ಯಾಟ್. ಹಾಲ್‌ನಲ್ಲಿ 4 ಅಡಿ ಉದ್ದ, ಒಂದೂವರೆ ಅಡಿ ಅಗಲದ ಟ್ಯಾಂಕ್, ಮೇಲೆ ತೆರೆದದ್ದು. ಗೋಡೆಗೆ ಒತ್ತಿ ಇಟ್ಟಿದ್ದೇವೆ. ಅದರ ಹಿಂದೆ, ಸ್ಟ್ಯಾಂಡ್ ಹಿಂದೆ ಕಪ್ಪು ಚುಕ್ಕೆಗಳು ಜೂನ್‌ನಿಂದ ಹರಡುತ್ತಿವೆ. ಅದೇ ಗೋಡೆಯ ಆ ಕಡೆ ಬೆಡ್‌ರೂಮ್. ರಾತ್ರಿ ಎಸಿ 20ಕ್ಕೆ ಇಟ್ಟು ಮಲಗುತ್ತೇವೆ. 5 ವರ್ಷದ ಮಗಳಿಗೆ ಈ ವರ್ಷ ಉಬ್ಬಸ ಶುರುವಾಗಿದೆ. ವಾಟರ್‌ಪ್ರೂಫಿಂಗ್‌ನವರು ಹೊರಗೋಡೆ ಪೂರ್ತಿ ಮಾಡಿಸಿ ಅಂತ ದೊಡ್ಡ ಮೊತ್ತ ಹೇಳಿದ್ದಾರೆ. ವಾರಕ್ಕೆ ಟ್ಯಾಂಕಿಗೆ ಒಂದು ಕೊಡ ನೀರು ಸೇರಿಸುತ್ತೇವೆ. ಏನು ಮಾಡಲಿ?

ಇಂಜಿನಿಯರ್: ಮೊದಲು ಮಗು. ಆ ಗೋಡೆ ಸರಿಯಾಗುವವರೆಗೆ ಅವಳನ್ನು ಬೇರೆ ಕೋಣೆಯಲ್ಲಿ ಮಲಗಿಸಿ. ಮನೆಯಲ್ಲಿ ಬೂಷ್ಟು ಇದೆ ಅಂತ ಡಾಕ್ಟರಿಗೆ ತಪ್ಪದೆ ಹೇಳಿ. ಉಬ್ಬಸಕ್ಕೆ ಔಷಧಿ ಅವರು ಕೊಡಬೇಕು, ನಾನಲ್ಲ.

ಈಗ ಗೋಡೆ. ಚುಕ್ಕೆ ಇರುವುದು ಒಳಗೋಡೆಯಲ್ಲಿ ಅಲ್ವಾ? ಮತ್ತೆ ಹೊರಗೋಡೆಗೆ ದುಡ್ಡು ಯಾಕೆ ಸುರಿಯಬೇಕು? ಒಂದು ಕೊಡ ಅಂದರೆ ಹತ್ತಿರ ಹತ್ತಿರ 15 ಲೀಟರ್. ದಿನಕ್ಕೆ 2 ಲೀಟರ್ ನೀರು ಆವಿಯಾಗಿ ನಿಮ್ಮ ಹಾಲ್‌ಗೆ ಬರುತ್ತಿದೆ. 12ಕ್ಕೆ 15 ಅಡಿಯ ಹಾಲ್‌ನ ಗಾಳಿ 28 ಡಿಗ್ರಿಯಲ್ಲಿ ಪೂರ್ತಿ ಒಣಗಿದ್ದರೂ ಒಂದೂವರೆ ಲೀಟರ್‌ನಷ್ಟು ಆವಿಯನ್ನು ಮಾತ್ರ ಹಿಡಿಯಬಲ್ಲದು. ಕರಾವಳಿಯ ಮಳೆಗಾಲದಲ್ಲಿ ಅದು ಆಗಲೇ ಮುಕ್ಕಾಲಿಗಿಂತ ಜಾಸ್ತಿ ತುಂಬಿರುತ್ತದೆ.

ಎಸಿ ವಿಷಯ ಇನ್ನೂ ಮುಖ್ಯ. 28 ಡಿಗ್ರಿ, 85 ಶೇಕಡಾ ತೇವ ಇರುವ ಗಾಳಿ 25 ಡಿಗ್ರಿಯ ಆಸುಪಾಸಿನ ಮೇಲ್ಮೈಗೆ ತಾಗಿದರೆ ಬೆವರುತ್ತದೆ. ಆ ಕಡೆ 20ಕ್ಕೆ ಎಸಿ ಓಡುತ್ತಿದ್ದರೆ ತೆಳು ಗೋಡೆಯ ಈ ಕಡೆಯೂ 25ಕ್ಕೆ ಇಳಿಯುತ್ತದೆ. ಟ್ಯಾಂಕ್ ಒತ್ತಿಕೊಂಡಿರುವ ಜಾಗದಲ್ಲಿ ಗಾಳಿ ಆಡುವುದಿಲ್ಲ, ಅಲ್ಲಿ ಇನ್ನೂ ತಣ್ಣಗೆ. ಅಂದರೆ ರಾತ್ರಿಯಿಡೀ ಆ ಗೋಡೆ ಟ್ಯಾಂಕಿನ ಹಿಂದೆ ಬೆವರುತ್ತಾ ಕೂತಿರುತ್ತದೆ. ಬೂಷ್ಟಿಗೆ ಅಷ್ಟು ಸಾಕು.

ನನ್ನ ಮಾತನ್ನೇ ನಂಬಬೇಡಿ, ಪರೀಕ್ಷೆ ಮಾಡಿ. ಟ್ಯಾಂಕ್ ಪಕ್ಕದ ಗೋಡೆಗೆ ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ. ಎರಡು ದಿನ ಬಿಡಿ. ಹಾಳೆಯ ಹೊರಮೈಯಲ್ಲಿ ಹನಿ ಬಂದರೆ ಕೋಣೆಯ ಆವಿ. ಹಾಳೆಯ ಹಿಂದೆ, ಗೋಡೆ ಕಡೆ ಬಂದರೆ ಸೋರಿಕೆ. ಈ ಪರೀಕ್ಷೆ ಆಗುವವರೆಗೆ ಯಾರಿಗೂ ಅಡ್ವಾನ್ಸ್ ಕೊಡಬೇಡಿ.

ಇವತ್ತೇ ಮಾಡಬಹುದಾದದ್ದು: ಟ್ಯಾಂಕಿಗೆ ಗಾಜಿನ ಮುಚ್ಚಳ, ಪೈಪ್ ಬರುವಷ್ಟು ಮಾತ್ರ ಸಂದು. ಫಿಲ್ಟರ್ ನೀರನ್ನು ಅಲುಗಿಸುತ್ತಿದ್ದರೆ ಮೀನಿಗೆ ಗಾಳಿ ಸಾಲುತ್ತದೆ. ಎಸಿ 25 ಅಥವಾ 26ಕ್ಕೆ. ಟ್ಯಾಂಕಿನಲ್ಲಿ ಹೀಟರ್ ಇದ್ದರೆ ಎಷ್ಟಕ್ಕೆ ಇಟ್ಟಿದ್ದೀರಿ ನೋಡಿ. ಸುರತ್ಕಲ್ ಜುಲೈನಲ್ಲಿ ಹೆಚ್ಚಿನ ಮೀನಿಗೆ ಅದು ಬೇಕಾಗುವುದೇ ಇಲ್ಲ. ಟ್ಯಾಂಕನ್ನು ಗೋಡೆಯಿಂದ ಅರ್ಧ ಅಡಿ ಈಚೆ ತರಬೇಕು, ಆದರೆ ನೀರು ಇಟ್ಟುಕೊಂಡು ತಳ್ಳಬೇಡಿ. ನೀರೊಂದೇ 200 ಕಿಲೋ ದಾಟುತ್ತದೆ, ಮೂಲೆಯ ಸಿಲಿಕಾನ್ ಬಿಟ್ಟುಕೊಳ್ಳುತ್ತದೆ.

ಬೆಳಗಾವಿಯಿಂದ: ಟ್ಯಾಂಕಿನಿಂದ ಎಷ್ಟು ನೀರು ಆರತದ ಅಂತ ಹೆಂಗ ತಿಳ್ಕೋಬೇಕ್ರಿ?

ಇಂಜಿನಿಯರ್: ಗಾಜಿನ ಮೇಲೆ ನೀರಿನ ಮಟ್ಟಕ್ಕೆ ಪೆನ್ನಿನಲ್ಲಿ ಗೆರೆ ಹಾಕಿ. 24 ಗಂಟೆ ಬಿಟ್ಟು ನೋಡಿ. ಉದ್ದ, ಅಗಲ, ಇಳಿದ ಆಳ, ಮೂರನ್ನೂ ಸೆಂಟಿಮೀಟರ್‌ನಲ್ಲಿ ಗುಣಿಸಿದರೆ ಮಿಲಿಲೀಟರ್ ಸಿಗುತ್ತದೆ.

ಕೊಪ್ಪದಿಂದ: ಒಂದು ಅಡಿಯ ಬೌಲ್, ಎರಡು ಮೀನು. ಮನೆಯೆಲ್ಲ ಬೂಷ್ಟು. ಚಪ್ಪಲಿ, ಬೆಲ್ಟ್ ಕೂಡ ಬಿಟ್ಟಿಲ್ಲ. ಬೌಲ್ ತೆಗೆದುಬಿಡಲಾ?

ಇಂಜಿನಿಯರ್: ಬೌಲ್ ಕಾರಣ ಅಲ್ಲ. ಬಟ್ಟೆ ಒಳಗೆ ಒಣಗಿಸುತ್ತೀರಾ? ಒಂದು ಸಲದ ಒಗೆತದ ಬಟ್ಟೆಯಿಂದಲೇ ಎರಡು ಲೀಟರ್ ಬರಬಹುದು. ಬಟ್ಟೆ ಒಣಗಿಸುವುದನ್ನು ಬಚ್ಚಲೊಲೆ ಇರುವ ಕಡೆ ಸಾಗಿಸಿ.

ಹಾಸನದಿಂದ: ಇದು ಬಂದಿತ್ತು, ಎಲ್ಲರಿಗೂ ಉಪಯೋಗ ಆಗಲಿ. *"ಕೋಣೆಯ ನಾಲ್ಕು ಮೂಲೆಗೆ ಕಲ್ಲುಪ್ಪಿನ ಬಟ್ಟಲು ಇಡಿ. ಕರ್ಪೂರ ಹಚ್ಚಿ. ಬ್ಲೀಚಿಂಗ್ ಪೌಡರ್‌ಗೆ ವಿನೆಗರ್ ಬೆರೆಸಿ ಗೋಡೆಗೆ ಹೊಡೆದರೆ ಬೂಷ್ಟು ಶಾಶ್ವತವಾಗಿ ಹೋಗುತ್ತದೆ. 10 ಜನರಿಗೆ ಕಳಿಸಿ."*

ಇಂಜಿನಿಯರ್: ಅಡ್ಮಿನ್, ಇದನ್ನು ಈಗಲೇ ಅಳಿಸಿ. ಬ್ಲೀಚಿಂಗ್ ಪೌಡರ್‌ಗೆ ವಿನೆಗರ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಕೋಣೆಯಲ್ಲಿ ಮನುಷ್ಯರಿಗೇ ಅಪಾಯ. ಮೀನಿಗೂ ಉಳಿಗಾಲ ಇಲ್ಲ, ಯಾಕೆಂದರೆ ಏರ್ ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಊದುತ್ತದೆ. ಸೊಳ್ಳೆ ಸ್ಪ್ರೇ, ನುಸಿ ಗುಳಿಗೆ, ಹೊಗೆ, ಎಲ್ಲಕ್ಕೂ ಇದೇ ಮಾತು. ಕಲ್ಲುಪ್ಪು 75 ಶೇಕಡಾ ತೇವಕ್ಕಿಂತ ಕೆಳಗೆ ನೀರು ಎಳೆಯುವುದೇ ಇಲ್ಲ. ನಮಗೆ ಬೇಕಾದದ್ದು 60ರ ಒಳಗೆ. ಕರ್ಪೂರ ತೇವ ಹೀರುವುದಿಲ್ಲ.

ಹಾಸನದಿಂದ: ಒಳ್ಳೇದಕ್ಕೆ ಹಾಕಿದೆ ಮೇಡಂ. ನಮ್ಮ ಚಿಕ್ಕಮ್ಮನ ಮನೇಲಿ ಉಪ್ಪಿನಿಂದ ಕಮ್ಮಿ ಆಗಿದೆ.

ತೀರ್ಥಹಳ್ಳಿಯಿಂದ: ಉಪ್ಪೆಲ್ಲ ಬೇಡ. ಸುಣ್ಣಕ್ಕೆ ಮೈಲುತುತ್ತ ಸೇರಿಸಿ ಹೊಡೆಯಿರಿ. ಕೊಳೆರೋಗಕ್ಕೆ ಅಡಿಕೆಗೆ ಹೊಡೆಯೋದು ಅದೇ ಅಲ್ವಾ. ಶಿಲೀಂಧ್ರ ಅಂದರೆ ಶಿಲೀಂಧ್ರ.

ಉಡುಪಿಯಿಂದ: ಟ್ಯಾಂಕ್ ಪಕ್ಕ ಮೈಲುತುತ್ತವಾ? ಅದರಲ್ಲಿರುವ ತಾಮ್ರ ಒಂಚೂರು ನೀರಿಗೆ ಬಿದ್ದರೂ ಸಿಗಡಿ, ಬಸವನಹುಳು ಸಾಯುತ್ತವೆ. ನಮ್ಮ ಕಡೆಯ ಮೆದು ನೀರಿನಲ್ಲಿ ಮೀನಿಗೂ ಕಷ್ಟ. ಗೊತ್ತಿಲ್ಲದೆ ಹೇಳಬೇಡಿ.

ತೀರ್ಥಹಳ್ಳಿಯಿಂದ: ಅಜ್ಜನ ಕಾಲದಿಂದ ಈ ಬೋರ್ಡೋ ದ್ರಾವಣ ಕಲಸಿದವರು ನಾವು. ನಿಮ್ಮ ಸಿಗಡಿಗೋಸ್ಕರ ಗೋಡೆ ಕೊಳೆಯಲಿ ಬಿಡಿ.

ಉಡುಪಿಯಿಂದ: ತೋಟ ಬೇರೆ, ಮಲಗುವ ಮನೆ ಬೇರೆ. ಇಲ್ಲಿ ಮೀನು ಸಾಕುವವರು ಇದ್ದಾರೆ ಅಂತ ನೆನಪಿರಲಿ.

ದಾವಣಗೆರೆಯಿಂದ: ನಾನು ಕೇಳ್ತೀನಿ, ಉಬ್ಬಸ ಇರೋ ಮಗು ಮನೇಲಿದ್ದಾಗ ಅಷ್ಟು ದೊಡ್ಡ ಟ್ಯಾಂಕ್ ಬೇಕಾ? ತಾಯಿ ಆದವರು ಯೋಚನೆ ಮಾಡ್ಬೇಕು.

ಸುರತ್ಕಲ್‌ನಿಂದ: ಟ್ಯಾಂಕ್ ತಂದದ್ದು ಮಗಳಿಗಾಗಿಯೇ. ಪರಿಹಾರ ಕೇಳಲು ಬಂದಿದ್ದೇನೆ, ಬೈಸಿಕೊಳ್ಳಲು ಅಲ್ಲ.

ಶಿವಮೊಗ್ಗದಿಂದ: ದಾವಣಗೆರೆಯವರೇ, ಅಪ್ಪ ಆದವರು ಯೋಚನೆ ಮಾಡ್ಬೇಕಾಗಿಲ್ವಾ?

ಬೆಂಗಳೂರಿನಿಂದ: ಗಾಳಿಯ ತೇವ ಎಳೆಯೋ ಮೆಷಿನ್, ಡಿಹ್ಯುಮಿಡಿಫೈಯರ್, ಯಾವ ಕಂಪನಿದು ತಗೊಳ್ಳಲಿ?

ಶಿರಸಿಯಿಂದ: ಮೇಡಂ, ಬೆಟ್ಟಾ ಮೀನಿನ ಬಾಲ ಹರಿದಿದೆ, ಏನು ಹಾಕಲಿ?

ಕುಂದಾಪುರದಿಂದ: ಮೇಡಂ, ಟ್ಯಾಂಕ್ ಹಿಂದೆಯೇ ಸ್ವಿಚ್ ಬೋರ್ಡ್. ಬೋರ್ಡ್ ಸುತ್ತ ಕಪ್ಪು. ಕೈ ಒದ್ದೆ ಇದ್ದಾಗ ಮುಟ್ಟಿದರೆ ಜುಂ ಅನ್ನುತ್ತದೆ. ಬೂಷ್ಟಿಗೆ ಅಲ್ಲಿ ಯಾವ ಪೇಂಟ್ ಹೊಡೆಸಲಿ?

ಇಂಜಿನಿಯರ್: ಬೇರೆಯವರ ಪ್ರಶ್ನೆ ಆಮೇಲೆ. ಕುಂದಾಪುರದವರೇ, ಪೇಂಟ್ ಬಿಡಿ. ಈಗಲೇ ಮೇನ್ ಆಫ್ ಮಾಡಿ. ಬೋರ್ಡ್ ಒಳಗೆ ತೇವ ಸೇರಿದೆ ಅಥವಾ ಅರ್ಥಿಂಗ್ ಸರಿ ಇಲ್ಲ. ಕಪ್ಪು ಬೂಷ್ಟೇ ಆಗಿರಬೇಕೆಂದಿಲ್ಲ, ಸುಟ್ಟ ಗುರುತೂ ಆಗಿರಬಹುದು. ಟ್ಯಾಂಕಿಗೆ ಕೈ ಹಾಕಬೇಡಿ, ಮಕ್ಕಳನ್ನು ದೂರ ಇಡಿ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಬಂದು ನೋಡುವವರೆಗೆ ಆ ಲೈನ್ ಆನ್ ಮಾಡಬಾರದು. ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ 30 ಮಿಲಿಆಂಪ್‌ನ ಆರ್‌ಸಿಸಿಬಿ ಇದೆಯಾ ಕೇಳಿ, ಇಲ್ಲದಿದ್ದರೆ ಹಾಕಿಸಿ. ಬೋರ್ಡನ್ನು ಟ್ಯಾಂಕಿನಿಂದ ದೂರಕ್ಕೆ ಸರಿಸಲೇಬೇಕು. ಪ್ಲಗ್‌ಗೆ ಹೋಗುವ ಪ್ರತಿ ವೈರ್ ಒಮ್ಮೆ ಕೆಳಗೆ ಬಾಗಿ ಮೇಲೇರಬೇಕು, ಆಗ ಹನಿ ಪ್ಲಗ್ ತನಕ ಹೋಗದೆ ನೆಲಕ್ಕೆ ಬೀಳುತ್ತದೆ. ಮೇನ್ ಆಫ್ ಮಾಡಿದ ಮೇಲೆ ಇಲ್ಲಿ ಬರೆಯಿರಿ.

ಕುಂದಾಪುರದಿಂದ: ಮಾಡಿದೆ ಮೇಡಂ. ಆದರೆ ಫಿಲ್ಟರ್ ನಿಂತರೆ ಮೀನು?

ಇಂಜಿನಿಯರ್: ಬ್ಯಾಟರಿ ಏರ್ ಪಂಪ್ ಸಿಗುತ್ತದೆ. ಇಲ್ಲವೆಂದರೆ ಚೊಂಬಿನಲ್ಲಿ ನೀರು ಎತ್ತಿ ಮೇಲಿಂದ ಸುರಿಯುತ್ತಿರಿ, ಅದೂ ಮೇನ್ ಆಫ್ ಇದ್ದಾಗ ಮಾತ್ರ. ಊಟ ಹಾಕಬೇಡಿ.

ವಿಜಯಪುರದಿಂದ: ರಾತ್ರಿ ಫಿಲ್ಟರ್ ಆಫ್ ಮಾಡಿದ್ರ ತೇವ ಕಮ್ಮಿ ಆಗ್ತದಂತ ವಾಟ್ಸಾಪ್‌ನಾಗ ಬಂದದ?

ಇಂಜಿನಿಯರ್: ಬೇಡ. ಫಿಲ್ಟರ್‌ನ ಒಳ್ಳೆಯ ಬ್ಯಾಕ್ಟೀರಿಯಾ ಆಮ್ಲಜನಕ ಇಲ್ಲದೆ ಸಾಯಬಹುದು. ಆಗ ಮೀನಿಗೆ ವಿಷವಾದ ಅಮೋನಿಯಾ ನೀರಿನಲ್ಲಿ ಏರುತ್ತದೆ.

ಮಡಿಕೇರಿಯಿಂದ: ಮುಚ್ಚಳ ಹಾಕಿದರೆ ಮೀನಿಗೆ ಉಸಿರು ಕಟ್ಟಲ್ವಾ?

ಇಂಜಿನಿಯರ್: ಸುರತ್ಕಲ್ ಉತ್ತರ ಓದಿ.

ಕಾರವಾರದಿಂದ: ಕಿಟಕಿ ತೆಗೆದಿಟ್ಟರೆ ಸಾಕಲ್ವಾ?

ಇಂಜಿನಿಯರ್: ಹೊರಗೆ 90 ಶೇಕಡಾ ಇರುವಾಗ ಒಳಗೆ ಏನು ಒಣಗುತ್ತದೆ? ಮಳೆ ಬಿಟ್ಟ ದಿನ ತೆಗೆಯಿರಿ.

ಧಾರವಾಡದಿಂದ: ಡಿಹ್ಯುಮಿಡಿಫೈಯರ್ ನೀರನ್ನು ವಾಪಸ್ ಟ್ಯಾಂಕಿಗೆ ಹಾಕಬಹುದಾ? ಶುದ್ಧ ನೀರಲ್ವಾ?

ಇಂಜಿನಿಯರ್: ಹಾಕಬೇಡಿ. ತಾಮ್ರದಂಥ ಲೋಹದ ಕಾಯಿಲ್ ಮೇಲಿಂದ ಇಳಿದ ನೀರು. ತಾಮ್ರದ ಮಾತು ಮೇಲೆ ಬಂದಿದೆ.

ಮಡಿಕೇರಿಯಿಂದ: ಎಲ್ಲದಕ್ಕೂ ಮೇಲೆ ಓದಿ ಅಂದರೆ ಪ್ರಶ್ನೋತ್ತರ ಯಾಕೆ ಇಟ್ಟಿರಿ?

ಅಡ್ಮಿನ್: ದಯವಿಟ್ಟು ಮೇಡಂ ಸಮಯಕ್ಕೆ ಬೆಲೆ ಕೊಡಿ. ಮೈಲುತುತ್ತದ ಜಗಳ ಇನ್ನೂ ನಡೆದರೆ ಇಬ್ಬರನ್ನೂ ಮ್ಯೂಟ್ ಮಾಡುತ್ತೇನೆ.

ಸುರತ್ಕಲ್‌ನಿಂದ (ಎರಡು ದಿನದ ಮೇಲೆ): ಮೇಡಂ, ಪ್ಲಾಸ್ಟಿಕ್ ಹಾಳೆಯ ಹೊರಗಡೆ ಹನಿ. ಹಿಂದೆ ಒಣಗಿದೆ. ಗೋಡೆಯನ್ನು ಬ್ರಷ್‌ನಲ್ಲಿ ಉಜ್ಜಿ ಪೇಂಟ್ ಹೊಡೆಸಲಾ?

ಇಂಜಿನಿಯರ್: ಸೋರಿಕೆ ಇಲ್ಲ. ವಾಟರ್‌ಪ್ರೂಫಿಂಗ್ ಬೇಡ ಅಂದುಬಿಡಿ. ಒಣ ಬ್ರಷ್ ಹಾಕಬೇಡಿ, ಬೀಜಕಣಗಳು ಮನೆಯೆಲ್ಲ ಹಾರುತ್ತವೆ. ಮಗು ಮನೆಯಲ್ಲಿ ಇಲ್ಲದಾಗ ಎನ್95 ಮಾಸ್ಕ್ ಹಾಕಿ, ಸೋಪು ನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಬಟ್ಟೆ ಎಸೆಯಿರಿ. ಉಬ್ಬಿದ ಪುಟ್ಟಿ ಒದ್ದೆ ಮಾಡಿಯೇ ಕೆರೆಯಿರಿ. ಸ್ಟ್ಯಾಂಡಿನ ಹಿಂದಿನ ಪ್ಲೈವುಡ್ ಮೆತ್ತಗಾಗಿದ್ದರೆ ಬದಲಿಸಿ. ಪೇಂಟ್ ಈಗ ಬೇಡ. ಗಾಳಿಯ ತೇವ ಅಳೆಯುವ ಹೈಗ್ರೋಮೀಟರ್ ಒಂದು ತಂದು ಟ್ಯಾಂಕ್ ಹಿಂದೆ ಇಡಿ. ಒರೆಸಿದ ಗೋಡೆಯಲ್ಲಿ ಚುಕ್ಕೆ ಮತ್ತೆ ಬರಲಿಲ್ಲ ಅಂದರೆ ಮಳೆ ಮುಗಿದ ಮೇಲೆ ಪೇಂಟ್. ಡಾಕ್ಟರ್ ಏನಂದರು?

ಸುರತ್ಕಲ್‌ನಿಂದ: ಇನ್ಹೇಲರ್ ಕೊಟ್ಟಿದ್ದಾರೆ. ಬೇರೆ ಕೋಣೆಯಲ್ಲಿ ಮಲಗಿಸಿದ್ದೇವೆ.

ದಾವಣಗೆರೆಯಿಂದ: ನಾನು ಹೇಳಿದ್ದೂ ಅದೇ ತಾನೇ?

ಶಿವಮೊಗ್ಗದಿಂದ: ಅಲ್ಲ.

ಶಿರಸಿಯಿಂದ: ಬೆಟ್ಟಾ ಬಾಲದ ಬಗ್ಗೆ ಯಾರಾದರೂ ಹೇಳಿ.