ಬಿರುಗಾಳಿಲಿ ಲ್ಯಾಂಡಿಂಗ್, ಇನ್ನೇನು ಚಕ್ರ ನೆಲ ಮುಟ್ಟಬೇಕು ಅನ್ನೋಷ್ಟರಲ್ಲಿ ಮತ್ತೆ ಮೇಲಕ್ಕೆ ಹೋಯ್ತು. ನಿಜವಾಗ್ಲೂ ಅಪಾಯ ಇತ್ತಾ?

ಕಿಟಕಿಸೀಟ್_ಬೇಡ:
ಏರ್‌ಲೈನ್ ಹೆಸರು ಹೇಳಲ್ಲ, ಅವರ ಮೇಲೆ ಕಂಪ್ಲೇಂಟ್ ಮಾಡೋಕೆ ಬಂದಿಲ್ಲ ನಾನು, ಅರ್ಥ ಆಗ್ಬೇಕು ಅಷ್ಟೆ. ಕೆಳಗೆ ಇಳಿಯೋಕೆ ಶುರು ಮಾಡಿದಾಗಿಂದ್ಲೇ ಕುಲುಕಾಟ, ಹೊರಗೆ ನೋಡಿದ್ರೆ ಏನೂ ಕಾಣ್ಸಲ್ಲ, ಮಳೆ ನೀರು ಕಿಟಕಿ ಮೇಲೆ ಕೆಳಗೆ ಇಳಿಯೋ ಬದಲು ಅಡ್ಡಡ್ಡ ಓಡ್ತಾ ಇದೆ, ಮಧ್ಯೆ ಮಧ್ಯೆ ಬಿಳೀ ಬೆಳಕು ಫಳ್ ಅನ್ನುತ್ತೆ, ರೆಕ್ಕೆ ಅಂತೂ ಮೇಲೆ ಕೆಳಗೆ ಆಡ್ತಿರೋದು ಕಣ್ಣಿಗೇ ಕಾಣ್ತಿತ್ತು. ಎಂಜಿನ್ ಸೌಂಡ್ ಒಂದ್ಸಲ ಜೋರಾಗುತ್ತೆ, ಒಂದ್ಸಲ ಪೂರ್ತಿ ಸುಮ್ಮನಾಗುತ್ತೆ. ಮೋಡದಿಂದ ಹೊರಗೆ ಬಂದ ಮೇಲೆ ನೋಡ್ತೀನಿ, ಪಕ್ಕದ ಕಿಟಕಿಯಿಂದ ರನ್‌ವೇ ಲೈಟು ಕಾಣ್ತಿದೆ, ಅಂದ್ರೆ ವಿಮಾನ ಓರೆಯಾಗಿ ಹೋಗ್ತಿದೆ! ಇನ್ನೇನು ಇಳಿದೇ ಬಿಡ್ತು ಅನ್ಕೊಂಡೆ, ಆಗ ಬೆನ್ನು ಸೀಟಿಗೆ ಅಂಟ್ಕೊಳ್ಳೋ ಹಾಗೆ ಒಂದು ಎಳೆತ, ಎಂಜಿನ್ ಕಿರುಚ್ಕೊಂಡು ಸೀದಾ ಮೇಲಕ್ಕೆ. ಯಾರೋ ಅಳ್ತಿದ್ರು, ಯಾರೋ ದೇವರ ಹೆಸರು ಹೇಳ್ತಿದ್ರು, ನನ್ನ ಜೀವ ಅಂತೂ ಬಾಯಿಗೆ ಬಂದಿತ್ತು. ಕ್ಯಾಪ್ಟನ್ ಎಷ್ಟೋ ಹೊತ್ತು ಒಂದು ಮಾತೂ ಆಡ್ಲಿಲ್ಲ. ಆಮೇಲೆ ಒಂದು ಸುತ್ತು ಹಾಕಿ ಎರಡನೇ ಸಲ ಇಳಿಸಿದ್ರು, ಅದೂ ಎಂಥಾ ಇಳಿಸೋದು, ಧಡ್ ಅಂತ ಕುಕ್ಕಿದ್ರು, ಮೇಲಿನ ಲಗೇಜ್ ಡಬ್ಬದ ಬಾಗಿಲು ತೆಕ್ಕೊಂಡ್ಬಿಡ್ತು.

ನಂಗೆ ಗೊತ್ತಾಗ್ಬೇಕಿರೋದು ಇಷ್ಟೇ, ಮೊದಲನೇ ಸಲ ನಾವು ಸಾಯೋದ್ರಿಂದ ತಪ್ಪಿಸ್ಕೊಂಡ್ವಾ? ಪೈಲಟ್‌ಗೆ ಸರಿಯಾಗಿ ಓಡ್ಸೋಕೆ ಬರ್ತಿರ್ಲಿಲ್ವಾ? ಸಮಾಧಾನ ಮಾಡೋಕೆ ಹೇಳ್ಬೇಡಿ, ಇರೋದು ಹೇಳಿ.

ಸಿಮ್ಯುಲೇಟರ್_ಮೇಷ್ಟ್ರು:
ಪೈಲಟ್‌ಗಳಿಗೆ ಟ್ರೇನಿಂಗ್ ಕೊಡೋ ಕೆಲಸ ನಂದು. ನೀವು ಯಾವುದನ್ನ ಸಾವಿನ ಬಾಯಿ ಅನ್ಕೊಂಡ್ರೋ ಅದೇ ಆ ದಿನದ ಅತೀ ಸೇಫ್ ನಿರ್ಧಾರ. ಇಳಿಯೋದು ಬಿಟ್ಟು ಮತ್ತೆ ಮೇಲೇರೋದಕ್ಕೆ ನಾವು ಗೋ-ಅರೌಂಡ್ ಅಂತೀವಿ. ಇಳಿಯೋವಾಗ ಸ್ಪೀಡು, ಇಳಿಯೋ ವೇಗ, ರನ್‌ವೇಗೆ ನೇರ ಇದೀವಾ, ಫ್ಲಾಪ್ (ರೆಕ್ಕೆ ಹಿಂದೆ ಚಾಚೋ ಹಲಗೆ), ಗೇರ್ (ಚಕ್ರ) ಎಲ್ಲಾ ಸರಿಯಾಗಿದ್ಯಾ, ಇದೆಲ್ಲಾ ನೆಲದಿಂದ ಒಂದು ಎತ್ತರಕ್ಕೆ ಬರೋಷ್ಟ್ರಲ್ಲಿ ಸೆಟ್ ಆಗಿರ್ಬೇಕು, ಮೋಡದೊಳಗೆ ಬರ್ತಿದ್ರೆ ಸಾಮಾನ್ಯವಾಗಿ 1000 ಅಡಿ. ಆಗಿಲ್ಲ ಅಂದ್ರೆ, ಅಥವಾ ಆಗಿದ್ದು ಆಮೇಲೆ ಗಾಳಿಗೆ ಕೆಟ್ಟೋಯ್ತು ಅಂದ್ರೆ, ಚರ್ಚೆ ಇಲ್ಲ, ಮೇಲಕ್ಕೆ. ಚಕ್ರ ರನ್‌ವೇ ಮುಟ್ಟಿದ ಮೇಲೂ ಹೋಗ್ಬಹುದು, ವೇಗ ತಗ್ಗಿಸೋಕೆ ಎಂಜಿನ್ ರಿವರ್ಸ್ ಹಾಕೋಕಿಂತ ಮುಂಚೆ. ಅದನ್ನೂ ಸಿಮ್ಯುಲೇಟರ್‌ನಲ್ಲಿ ಮತ್ತೆ ಮತ್ತೆ ಮಾಡಿಸ್ತೀವಿ.

ಒಳಗೆ ಕೂತವರಿಗೆ ಅದು ಅಷ್ಟು ಜೋರು ಅನ್ಸೋದಕ್ಕೂ ಕಾರಣ ಇದೆ. ಇಳಿಯೋವಾಗ ಎಂಜಿನ್ ಕಮ್ಮಿ ಪವರ್‌ನಲ್ಲಿ ಇರುತ್ತೆ, ಮೂತಿ ಮೇಲೆ ಮಾಡಿದ್ರೂ ಒಟ್ಟು ವಿಮಾನ ಕೆಳಗೇ ಹೋಗ್ತಿರುತ್ತೆ, ಅಲ್ಲಿಂದ ಕೆಲವೇ ಸೆಕೆಂಡಲ್ಲಿ ಪೂರ್ತಿ ಪವರ್ ಕೊಟ್ಟು ಹತ್ತಿಸ್ತಾರೆ. ಜೊತೆಗೆ ಇಂಧನ ಬಹುಪಾಲು ಖರ್ಚಾಗಿ ವಿಮಾನ ಹಗುರ ಆಗಿರುತ್ತೆ, ಅದಕ್ಕೇ ಟೇಕಾಫ್‌ಗಿಂತ ಜಾಸ್ತಿ ಎಳೆದ ಹಾಗೆ ಅನ್ಸುತ್ತೆ.

ಓರೆಯಾಗಿ ಬಂದಿದ್ದು ತಪ್ಪಲ್ಲ, ಹಾಗೇ ಬರ್ಬೇಕು. ಪಕ್ಕದಿಂದ ಗಾಳಿ ತಳ್ತಿರೋವಾಗ ಹೊಳೆ ದಾಟೋ ದೋಣಿ ಹಾಗೆ ಮೂತಿಯನ್ನ ಹರಿವಿಗೆ ಎದುರಾಗಿ, ಅಂದ್ರೆ ಗಾಳಿ ಬರೋ ಕಡೆಗೆ, ಸ್ವಲ್ಪ ತಿರುಗಿಸ್ಕೊಂಡೇ ಬರ್ಬೇಕು, ಆಗ್ಲೇ ದಾರಿ ನೇರ ಇರುತ್ತೆ. ನೆಲ ಮುಟ್ಟೋಕೆ ಸ್ವಲ್ಪ ಮುಂಚೆ ರಡರ್ (ಮೂತಿ ಎಡಕ್ಕೆ ಬಲಕ್ಕೆ ತಿರುಗಿಸೋ ಬಾಲದ ಹಲಗೆ) ಪೆಡಲ್ ಒತ್ತಿ ನೇರ ಮಾಡ್ಕೋತಾರೆ. ಏರ್‌ಬಸ್ ಎ320 ಅಂಥದ್ದನ್ನ ಬೀಸು ಗಾಳಿ ಸೇರಿ 38 ನಾಟ್ ಅಡ್ಡಗಾಳಿ ತನಕ ಇಳಿಸಿ ತೋರಿಸಿದಾರೆ, ಅಂದ್ರೆ ಗಂಟೆಗೆ ಸುಮಾರು 70 ಕಿಲೋಮೀಟರ್. ಇನ್ನು ಎಂಜಿನ್ ಏರೋದು ಇಳಿಯೋದು, ಗಾಳಿ ಒಮ್ಮೆ ಜೋರಾಗಿ ಒಮ್ಮೆ ಸುಮ್ಮನಾದಾಗ ಸ್ಪೀಡ್ ಹಿಡಿದಿಡೋಕೆ ಅಷ್ಟೇ. ಅದು ಬದಲಾಗ್ತಾನೇ ಇರ್ಬೇಕು, ಬದಲಾಗದೇ ಇದ್ರೇ ಚಿಂತೆ.

ಕುಕ್ಕಿದ್ದು ಕೂಡ ಬೇಕಂತ್ಲೇ ಇರ್ಬಹುದು. ರನ್‌ವೇ ಮೇಲೆ ನೀರು ನಿಂತಿರೋವಾಗ ಮೆತ್ತಗೆ ಇಳಿಸಿದ್ರೆ ಟೈರು ನೀರಿನ ಮೇಲೇ ತೇಲ್ಕೊಂಡು ಹೋಗುತ್ತೆ, ಬ್ರೇಕ್ ಹಿಡಿಯಲ್ಲ. ಗಟ್ಟಿಯಾಗಿ ಕೂರಿಸಿದ್ರೆ ಟೈರು ನೀರನ್ನ ಸೀಳಿ ನೆಲಕ್ಕೆ ಹತ್ತುತ್ತೆ, ಚಕ್ರ ಬೇಗ ತಿರುಗುತ್ತೆ, ರೆಕ್ಕೆ ಮೇಲಿನ ಸ್ಪಾಯ್ಲರ್ ಅನ್ನೋ ಹಲಗೆಗಳು ತಕ್ಷಣ ಎದ್ದು ಭಾರ ಎಲ್ಲಾ ಚಕ್ರದ ಮೇಲೆ ಬೀಳುತ್ತೆ. ಮೆತ್ತಗೆ ಇಳಿಸಿ ಚಪ್ಪಾಳೆ ಗಿಟ್ಟಿಸೋದು ಬಿಸಿಲಿನ ದಿನಕ್ಕೆ ಇರ್ಲಿ.

ವರದಿ_ಓದುವವ:
ಮೇಷ್ಟ್ರು ಹೇಳಿದ್ದು ಸರಿ ಐತ್ರಿ, ಆದ್ರ ಮೇಡಮ್ಮಾರು ಇರೋದು ಹೇಳ್ರಿ ಅಂತ ಕೇಳ್ಯಾರ, ಅದಕ್ಕ ಇನ್ನೊಂದು ಮಗ್ಗಲಾನೂ ಹೇಳ್ತೀನಿ. ಗುಡುಗು ಮಳ್ಯಾಗ ಇಳಿಯೋದು ಆಟ ಅಲ್ಲ. 1985 ಆಗಸ್ಟ್ 2ಕ್ಕ ಅಮೆರಿಕಾದ ಡಲ್ಲಾಸ್‌ನ್ಯಾಗ ಡೆಲ್ಟಾ 191 ಅನ್ನೋ ವಿಮಾನ ಇಳಿಯೋ ಹೊತ್ತಿಗೆ ಮೈಕ್ರೋಬರ್ಸ್ಟ್‌ಗೆ ಸಿಕ್ತು. ಅಂದ್ರ ಮೋಡದಿಂದ ಗಾಳಿ ಧಬಧಬ ಕೆಳಗ ಬಿದ್ದು ನೆಲಕ್ಕ ಬಡದು ನಾಕೂ ಕಡೆ ಹರಡತೈತಿ. ವಿಮಾನ ಅದರಾಗ ಹೊಕ್ಕಾಗ ಮೊದಲ ಎದುರುಗಾಳಿ ಸಿಗತೈತಿ, ಸ್ಪೀಡ್ ಏರತೈತಿ, ಎಲ್ಲಾ ಚಲೋ ಐತಿ ಅನಸತೈತಿ. ಮುಂದ ಮ್ಯಾಲಿಂದ ಒತ್ತತೈತಿ, ಅದರ ಬೆನ್ನಿಗೇ ಹಿಂದಿನ ಗಾಳಿ ಬಂದು ಸ್ಪೀಡ್ ಕಸಕೊಂಡು ಹೋಗತೈತಿ. ನೆಲದ ಮ್ಯಾಲಿದ್ದ ಒಬ್ಬರನ್ನ ಸೇರಿಸಿ 137 ಮಂದಿ ಹೋದ್ರು.

ಅದಾದ ಮ್ಯಾಲೆ ಅಮೆರಿಕಾದಾಗ ವಿಮಾನಕ್ಕ ವಿಂಡ್‌ಶಿಯರ್ (ಗಾಳಿ ದಿಕ್ಕು ವೇಗ ದಿಢೀರ್ ಬದಲಾಗೋದು) ಎಚ್ಚರಿಕೆ ಕೊಡೋ ಸಿಸ್ಟಮ್ ಕಡ್ಡಾಯ ಮಾಡಿದ್ರು, ಏರ್‌ಪೋರ್ಟ್‌ಗಳಿಗೆ ಗಾಳಿ ಓಟ ಅಳಿಯೋ ಡಾಪ್ಲರ್ ರಾಡಾರ್ ಬಂತು. ಈಗ ಮುಂದ ಅಂಥಾ ಗಾಳಿ ಕಂಡ್ರ ಕಾಕ್‌ಪಿಟ್‌ನ್ಯಾಗ ಗೋ-ಅರೌಂಡ್ ಮಾಡು ಅಂತ ಯಂತ್ರಾನ ಒದರತೈತಿ. ನಿಮ್ಮ ಪೈಲಟ್‌ಗೂ ಅದು ಒದರಿರಬಹುದು, ಯಾರಿಗೆ ಗೊತ್ತು.

ಇನ್ನೊಂದು ಕೇಳ್ರಿ. 2005ರ ಅದ ಆಗಸ್ಟ್ 2ಕ್ಕ ಟೊರಾಂಟೋದಾಗ ಏರ್ ಫ್ರಾನ್ಸ್ 358 ಜೋರು ಮಳ್ಯಾಗ ಇಳೀತು, ಆದ್ರ ಚಕ್ರ ಮುಟ್ಟಿದ್ದು 9000 ಅಡಿ ರನ್‌ವೇದಾಗ ಸುಮಾರು 3800 ಅಡಿ ಮುಗದ ಮ್ಯಾಲೆ. ವಾಪಸ್ ಏರಲಿಲ್ಲ. ರನ್‌ವೇ ದಾಟಿ ಹಳ್ಳಕ್ಕ ಹೋಗಿ ಬೆಂಕಿ ಹತ್ತಿತು. ಪುಣ್ಯಾಕ್ಕ ಒಳಗಿದ್ದ 309 ಮಂದಿನೂ ಬದುಕಿದ್ರು. ಗೋ-ಅರೌಂಡ್ ಮಾಡಿದವ ಪೇಪರ್‌ನ್ಯಾಗ ಬರಂಗಿಲ್ಲ, ಮಾಡದವ ಬರತಾನ. ಫ್ಲೈಟ್ ಸೇಫ್ಟಿ ಫೌಂಡೇಶನ್ ಅನ್ನೋ ವಿಮಾನ ಸುರಕ್ಷತಾ ಸಂಸ್ಥೆಯವರು ನೋಡಿದಾಗ ಸೆಟ್ ಆಗಲಾರದ ಅಪ್ರೋಚ್‌ನ್ಯಾಗ (ಇಳಿಯಾಕ ರನ್‌ವೇ ಕಡೆ ಬರೋದು) ನೂರಕ್ಕ ಬರೇ 3ರಷ್ಟು ಮಾತ್ರ ಗೋ-ಅರೌಂಡ್ ಆಗಿದ್ವು, ಉಳಿದವ್ರು ಹೆಂಗರ ಮಾಡಿ ಇಳಿಸೇ ಬಿಡ್ತಾರ. ನನಗ ಹೆದರಿಕಿ ಬರೋದು ಅಂಥವರ ಮ್ಯಾಲರಿ, ನಿಮ್ಮ ಪೈಲಟ್ ಮ್ಯಾಲಲ್ಲ.

ಜಂಪ್‌ಸೀಟ್:
ಎಷ್ಟೋ ವರ್ಷ ಕ್ಯಾಬಿನ್ ಕ್ರೂ ಆಗಿದ್ದವಳು ನಾನು. ಕ್ಯಾಪ್ಟನ್ ಯಾಕೆ ಮಾತಾಡ್ಲಿಲ್ಲ ಅಂತ ಕೇಳಿದ್ರಲ್ಲ, ಅದಕ್ಕೆ ಮಾತ್ರ ಉತ್ತರ ಕೊಡ್ತೀನಿ. 10,000 ಅಡಿ ಕೆಳಗೆ ಕಾಕ್‌ಪಿಟ್‌ನಲ್ಲಿ ಕೆಲಸಕ್ಕೆ ಸಂಬಂಧ ಇಲ್ಲದ ಒಂದು ಮಾತೂ ಆಡ್ಬಾರ್ದು ಅನ್ನೋ ರೂಲ್ ಇದೆ, ಅಮೆರಿಕಾದಲ್ಲಿ 1981ರಿಂದ, ಬೇರೆ ಕಡೆನೂ ಹಾಗೇ. ಅದು ಬಿಟ್ರೂ ಗೋ-ಅರೌಂಡ್ ಆದ ಕೂಡ್ಲೇ ಅವರಿಗೆ ಕೈತುಂಬಾ ಕೆಲಸ: ಗೇರ್ ಎತ್ಬೇಕು, ಫ್ಲಾಪ್ ಹಂತ ಹಂತವಾಗಿ ಒಳಗೆ ತಗೋಬೇಕು, ಟವರ್‌ಗೆ ಹೇಳ್ಬೇಕು, ಅವರು ಕೊಡೋ ದಿಕ್ಕು ಎತ್ತರ ಹಾಕ್ಬೇಕು, ಇಂಧನ ಲೆಕ್ಕ ನೋಡ್ಬೇಕು. ಪ್ಯಾಸೆಂಜರ್‌ಗೆ ಹೇಳೋದು ಕೊನೇಗೆ. ಎಲ್ಲಾ ಕಡೆ ಕಲಿಸೋದೂ ಅದೇ ಕ್ರಮ, ಮೊದಲು ಹಾರಿಸು, ಆಮೇಲೆ ದಾರಿ ನೋಡ್ಕೋ, ಆಮೇಲೆ ಮಾತಾಡು.

ಕ್ರೂ ಮುಖ ನೋಡಿ ಇನ್ನೂ ಹೆದರ್ಕೊಂಡಿರ್ತೀರಿ ನೀವು, ಎಲ್ಲಾರೂ ಹಾಗೇ ಹೇಳ್ತಾರೆ, ಕಲ್ಲಿನ ಹಾಗೆ ಕೂತಿದ್ರು ಅಂತ. ನಾವು ಪ್ರತಿ ಲ್ಯಾಂಡಿಂಗ್‌ನಲ್ಲೂ, ಬಿಸಿಲಿದ್ರೂ, ಬೆನ್ನು ತಲೆ ಸೀಟಿಗೆ ಒತ್ತಿ, ಕೈ ತೊಡೆ ಕೆಳಗೆ ಇಟ್ಕೊಂಡು ಕೂರ್ತೀವಿ, ಮನಸ್ಸಲ್ಲೇ ಓಡ್ತಿರುತ್ತೆ: ನನ್ನ ಬಾಗಿಲು ಯಾವುದು, ಹ್ಯಾಂಡಲ್ ಯಾವ ಕಡೆ ತಿರುಗಿಸ್ಬೇಕು, ಮೊದಲು ಏನಂತ ಕೂಗ್ಬೇಕು, ಪಕ್ಕದ ಸಾಲಲ್ಲಿ ಗಟ್ಟಿಯಾಗಿರೋ ಮನುಷ್ಯ ಯಾರು ಸಹಾಯಕ್ಕೆ. ಸೈಲೆಂಟ್ ರಿವ್ಯೂ ಅಂತಾರೆ. ನಗೋಕೆ ಟೈಮ್ ಇರಲ್ಲ ಕಣ್ರೀ.

ಹಾಂ, ಆ ಬಿಳೀ ಬೆಳಕು ಒಂದೇ ಲಯದಲ್ಲಿ ಬರ್ತಿತ್ತು ಅಂದ್ರೆ ಅದು ಮಿಂಚಲ್ಲ, ರೆಕ್ಕೆ ತುದಿಯಲ್ಲಿರೋ ಸ್ಟ್ರೋಬ್ ಲೈಟು ಮೋಡಕ್ಕೆ ಬಡಿದು ವಾಪಸ್ ಬರೋದು. ಎಷ್ಟು ಜನ ನನ್ನ ಕೈ ಹಿಡ್ಕೊಂಡು ಎಂಜಿನ್‌ಗೆ ಬೆಂಕಿ ಬಿದ್ದಿದೆ ಅಂದಿದ್ದಾರೋ.

ಕಿಟಕಿಸೀಟ್_ಬೇಡ:
ಎಲ್ಲರಿಗೂ ಥ್ಯಾಂಕ್ಸ್. ಬೆಳಕು ಒಂದೇ ಲಯದಲ್ಲೇ ಇತ್ತು ಅನ್ಸುತ್ತೆ, ಈಗ ಯೋಚ್ನೆ ಮಾಡಿದ್ರೆ. ಆದ್ರೆ ನಿಜವಾದ ಮಿಂಚು ಹೊಡೆದಿದ್ರೆ? ರೆಕ್ಕೆ ಮುರೀತಾ ಇರ್ಲಿಲ್ವಾ ಅಷ್ಟು ಆಡಿದ್ರೆ? ಎರಡನೇ ಸಲನೂ ಆಗದೇ ಇದ್ದಿದ್ರೆ ಎಷ್ಟು ಸಲ ಅಂತ ಟ್ರೈ ಮಾಡ್ತಾರೆ, ಇಂಧನ ಮುಗಿಯಲ್ವಾ? ವರದಿ ಓದೋ ಸರ್, ನಿಮ್ಮ ಪೋಸ್ಟ್ ಓದಿ ರಾತ್ರಿ ನಿದ್ದೆ ಬರ್ಲಿಲ್ಲ, ಆದ್ರೂ ಹೇಳಿದ್ದು ಒಳ್ಳೇದಾಯ್ತು.

ಸಿಮ್ಯುಲೇಟರ್_ಮೇಷ್ಟ್ರು:
ಮಿಂಚು: ಪ್ರತಿ ಪ್ಯಾಸೆಂಜರ್ ವಿಮಾನಕ್ಕೂ ಸರಾಸರಿ ವರ್ಷಕ್ಕೊಂದು ಸಲ ಹೊಡೆಯುತ್ತೆ ಅಂತ ಲೆಕ್ಕ. ಕರೆಂಟು ಹೊರಗಿನ ಲೋಹದ ಮೈ ಮೇಲೇ ಹರಿದು ಇನ್ನೊಂದು ತುದಿಯಿಂದ ಹೊರಗೆ ಹೋಗುತ್ತೆ. 1963ರಲ್ಲಿ ಪ್ಯಾನ್ ಆಮ್ 214 ಅನ್ನೋ ವಿಮಾನ ಮಿಂಚಿಂದ ಇಂಧನ ಟ್ಯಾಂಕ್ ಸ್ಫೋಟ ಆಗಿ ಬಿದ್ದಿತ್ತು, ಅದಾದ ಮೇಲೆ ಟ್ಯಾಂಕ್ ರಕ್ಷಣೆಯ ನಿಯಮ ತುಂಬಾ ಬಿಗಿ ಆಯ್ತು. ಈಗ ಹೊಡೆದ್ರೆ ಇಳಿದ ಮೇಲೆ ಎಂಜಿನಿಯರ್‌ಗಳು ಮೈಯೆಲ್ಲಾ ಹುಡುಕಿ ಸಣ್ಣ ಸುಟ್ಟ ಗುರುತು ಪತ್ತೆ ಮಾಡ್ತಾರೆ, ಸಾಮಾನ್ಯವಾಗಿ ಅಷ್ಟೇ.

ರೆಕ್ಕೆ ಆಡೋದಕ್ಕೇ ಮಾಡಿರೋದು. ಬೋಯಿಂಗ್ 787ರದ್ದನ್ನ 2010ರಲ್ಲಿ ಹಾರಾಟದಲ್ಲಿ ಬರಬಹುದಾದ ಅತೀ ಹೆಚ್ಚು ಭಾರದ ಒಂದೂವರೆ ಪಟ್ಟು ಹಾಕಿ ಬಗ್ಗಿಸಿದಾಗ ತುದಿ ಸುಮಾರು 25 ಅಡಿ ಮೇಲೆ ಹೋಗಿತ್ತು, ಮುರೀಲಿಲ್ಲ. ನೀವು ನೋಡಿದ ಕುಲುಕಾಟ ಅದರ ಹತ್ರಕ್ಕೂ ಬರಲ್ಲ.

ಎಷ್ಟು ಸಲ ಅಂದ್ರೆ, ಬಹಳ ಕಂಪನಿಗಳಲ್ಲಿ ಎರಡು ಸಲ ಆದ್ಮೇಲೆ ಹವಾಮಾನ ಸುಧಾರಿಸೋ ಲಕ್ಷಣ ಇಲ್ದಿದ್ರೆ ಬೇರೆ ಏರ್‌ಪೋರ್ಟ್‌ಗೆ ಹೋಗು ಅಂತ ಇರುತ್ತೆ. ಅಲ್ಲಿಗೆ ಹೋಗೋ ಇಂಧನ ಹೊರಡೋವಾಗ್ಲೇ ಹಾಕ್ಕೊಂಡಿರ್ತಾರೆ, ಅದರ ಮೇಲೆ ಇನ್ನೂ 30 ನಿಮಿಷ ಹಾರೋಷ್ಟು ಮುಟ್ಟಬಾರದ ಇಂಧನ ಬೇರೆ. ಆ 30 ನಿಮಿಷದ್ದಕ್ಕೆ ಕೈ ಹಾಕ್ಬೇಕಾಗುತ್ತೆ ಅಂತ ಲೆಕ್ಕ ತೋರಿಸಿದ್ರೆ ಮೇಡೇ, ಅಂದ್ರೆ ತುರ್ತು ಪರಿಸ್ಥಿತಿ, ಅಂತ ಘೋಷಣೆ ಮಾಡ್ಲೇಬೇಕು, ಆಗ ದಾರಿ ಎಲ್ಲಾ ಅವರಿಗೇ ಬಿಡ್ತಾರೆ.

ಜಂಪ್‌ಸೀಟ್:
ಮುಂದಿನ ಸಲ ಹೋಗೋದಿದ್ರೆ ಬೆಳಿಗ್ಗೆ ಫ್ಲೈಟ್ ನೋಡಿ, ಗುಡುಗು ಮೋಡ ಜಾಸ್ತಿ ಕಟ್ಟೋದು ನೆಲ ಕಾದ ಮೇಲೆ, ಮಧ್ಯಾಹ್ನ ಸಂಜೆಗೆ. ಸೀಟು ರೆಕ್ಕೆ ಹತ್ರ ತಗೊಳ್ಳಿ, ಬಾಲದ ಕಡೆ ಕುಲುಕಾಟ ಜಾಸ್ತಿ. ಬೆಲ್ಟು ಹೊಟ್ಟೆ ಮೇಲಲ್ಲ, ಸೊಂಟದ ಮೂಳೆ ಮೇಲೆ ಬಿಗಿಯಾಗಿ, ಸೈನ್ ಆಫ್ ಆಗಿದ್ರೂ ಬಿಚ್ಬೇಡಿ. ಕುಲುಕಾಟಕ್ಕೆ ಪೆಟ್ಟಾಗೋದು ಬಹುಪಾಲು ಬೆಲ್ಟ್ ಹಾಕ್ಕೊಳ್ದೇ ಇದ್ದವರಿಗೆ, ನಮ್ಮಂಥ ಟ್ರಾಲಿ ತಳ್ಳೋರಿಗೆ. ಮತ್ತೆ ಆ ಲಗೇಜ್ ಡಬ್ಬ ತೆಕ್ಕೊಳ್ತು ಅಂದ್ರಲ್ಲ, ಅದನ್ನ ಇಳಿಯೋವಾಗ ಕ್ರೂಗೆ ಹೇಳಿದ್ರಾ? ಇಲ್ಲಾಂದ್ರೆ ಏರ್‌ಲೈನ್‌ಗೆ ಸೀಟ್ ನಂಬರ್ ಹಾಕಿ ಒಂದು ಮೇಲ್ ಮಾಡಿ, ಲಾಚ್ ಸವೆದಿರ್ಬಹುದು, ಅದು ಮಾತ್ರ ನಿಜವಾಗ್ಲೂ ರಿಪೇರಿ ಆಗ್ಬೇಕಾದ ವಿಷಯ.