ಪದ ಬೇಕು: ‘ಓಪನ್ ಸ್ಪೇಸ್’, ಮತ್ತೆ ಜಾಗ ‘ಅಕ್ವೈರ್’ ಮಾಡುವ ಅಧಿಕಾರ (ಗುರುವಾರದೊಳಗೆ)

ಮಡಿಕೇರಿಯಿಂದ, ಸೋಮವಾರ ರಾತ್ರಿ

ನಮಸ್ಕಾರ. ಗುರುವಾರ ಬೆಳಿಗ್ಗೆ ಪ್ರೆಸ್ಸಿಗೆ ಕೊಡಬೇಕು, ಅದಕ್ಕೇ ಅವಸರ.

ನಮ್ಮೂರಿನ ಮೇಲಿನ ಗುಡ್ಡದಲ್ಲಿ ಲೇಔಟ್ ಬರುತ್ತೆ ಅಂತ ಸುದ್ದಿ. 2018ರ ಆಗಸ್ಟಿನ ಭೂಕುಸಿತ ನೋಡಿದವರಿಗೆ ಗುಡ್ಡದ ಮೇಲೆ ಜೆಸಿಬಿ ಸದ್ದು ಕೇಳಿದರೆ ಸಾಕು, ಬರೆ ಯಾವಾಗ ಜಾರುತ್ತೋ ಅಂತ ನಿದ್ದೆ ಹಾರುತ್ತೆ. ಭಾನುವಾರ ಊರ ಸಭೆ. ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ಚಿಕ್ಕಪ್ಪನ ಮಗ ಅಲ್ಲಿನ ಒಂದು ಸಂಸ್ಥೆಯ ಬಗ್ಗೆ ನಾಲ್ಕು ಪುಟ ಕಳಿಸಿದ್ದಾನೆ. ಅದನ್ನು ಕನ್ನಡ ಮಾಡಿ ಸಭೆಯಲ್ಲಿ ಹಂಚಬೇಕು.

ಸಂಸ್ಥೆಯ ಹೆಸರು ‘ಮಿಡ್‌ಪೆನಿನ್ಸುಲಾ ರೀಜನಲ್ ಓಪನ್ ಸ್ಪೇಸ್ ಡಿಸ್ಟ್ರಿಕ್ಟ್’. ಸಿಲಿಕಾನ್ ವ್ಯಾಲಿಯ ಹಿಂದಿನ ಬೆಟ್ಟಸಾಲು ಇದರ ಸೀಮೆ. 1972ರಲ್ಲಿ ಜನ ಓಟು ಹಾಕಿ ಹುಟ್ಟಿಸಿದ್ದು. ಏಳು ವಾರ್ಡು, ಏಳು ಜನ ಚುನಾಯಿತ ನಿರ್ದೇಶಕರು. ತೆರಿಗೆ ಎತ್ತಬಹುದು, ಜನ ಒಪ್ಪಿದರೆ ಬಾಂಡ್ ಮೂಲಕ ಸಾಲ ತರಬಹುದು. 2014ರಲ್ಲಿ 30 ಕೋಟಿ ಡಾಲರಿನ ಬಾಂಡಿಗೆ ಮೂರರಲ್ಲಿ ಎರಡು ಪಾಲಿಗಿಂತ ಜಾಸ್ತಿ ಜನ ಹೂಂ ಅಂದರು. ಇವತ್ತಿಗೆ 60,000 ಎಕರೆಗೂ ಹೆಚ್ಚು ಜಾಗ ಉಳಿಸಿಕೊಂಡಿದೆ. ತನ್ನ ಜಾಗಕ್ಕೆ ನಿಯಮ ತಾನೇ ಮಾಡುತ್ತೆ. ಮುರಿದವರಿಗೆ ಅದರ ರೇಂಜರುಗಳು ದಂಡದ ಚೀಟಿ ಕೊಡುತ್ತಾರೆ. ಆದರೆ ಪಕ್ಕದವನು ತನ್ನ ಜಮೀನಿನಲ್ಲಿ ಏನು ಕಟ್ಟಬೇಕು ಅಂತ ಹೇಳುವ ಅಧಿಕಾರ ಇದಕ್ಕಿಲ್ಲ. ಅದು ಅಲ್ಲಿನ ಕೌಂಟಿ (ನಮ್ಮ ಜಿಲ್ಲೆಯ ಹಾಗೆ) ಮತ್ತು ನಗರಗಳ ಕೆಲಸ.

ನಾನು ಸಿಕ್ಕಿಕೊಂಡಿರುವುದು ಇಲ್ಲಿ. ‘ಓಪನ್ ಸ್ಪೇಸ್’ಗೆ ಏನನ್ನಲಿ? ‘ಡಿಸ್ಟ್ರಿಕ್ಟ್’ ಅಂದರೆ ಇಲ್ಲಿ ಜಿಲ್ಲೆ ಅಲ್ಲ, ಒಂದೇ ಕೆಲಸಕ್ಕೆ ಹುಟ್ಟಿದ ಸ್ಥಳೀಯ ಸಂಸ್ಥೆ. ಆಮೇಲೆ ‘ಎಮಿನೆಂಟ್ ಡೊಮೇನ್’, ಅಂದರೆ ಒಡೆಯ ಒಪ್ಪದಿದ್ದರೂ ಸರ್ಕಾರ ಜಾಗ ತೆಗೆದುಕೊಳ್ಳುವ ಅಧಿಕಾರ. ಒಂದು ಸಾಲಿನಲ್ಲಿ ಅದನ್ನೇ ‘ಪವರ್ ಟು ಕಂಡೆಮ್ ಲ್ಯಾಂಡ್’ ಅಂದಿದ್ದಾರೆ. ಸುಮ್ನೆ ಮೊಬೈಲಿಗೆ ಹಾಕಿ ನೋಡಿದೆ, ‘ಭೂಮಿಯನ್ನು ಖಂಡಿಸುವ ಅಧಿಕಾರ’ ಅಂತ ಬಂತು. ಭೂಮಿ ಅಂಥದ್ದೇನು ಮಾಡಿತ್ತೋ!

ಸೋಮವಾರಪೇಟೆಯಿಂದ

‘ಬಯಲು’. ಇದಕ್ಕೆ ಚರ್ಚೆ ಬೇಕಾ? ಪ್ರಾದೇಶಿಕ ಬಯಲು ಸಂರಕ್ಷಣಾ ಪ್ರಾಧಿಕಾರ. ಮುಗೀತು.

ಕುಶಾಲನಗರದಿಂದ

ಬಯಲು ಒಳ್ಳೆ ಕನ್ನಡ, ಒಪ್ಪಿದೆ. ‘ಸಂರಕ್ಷಣಾ’, ‘ಪ್ರಾದೇಶಿಕ’, ‘ಪ್ರಾಧಿಕಾರ’ ಮೂರೂ ಬೇಡ. ಜನ ಓದಿ ತಿಳಿಯಬೇಕು ಅಂತಿದ್ದರೆ ‘ಬಯಲು ಕಾಪು ಕೂಟ’ ಅನ್ನಿ. ಎಮಿನೆಂಟ್ ಡೊಮೇನ್‌ಗೆ ‘ನೆಲಗೊಳ್ಳುವ ಹಕ್ಕು’. ನಮ್ಮ ನುಡಿಯಲ್ಲೇ ಪದ ಇರುವಾಗ ಬೇರೆಯವರ ಮನೆಗೆ ಹೋಗಿ ಕೈಯೊಡ್ಡುವುದು ಯಾಕೆ?

ಮಡಿಕೇರಿಯಿಂದ, ಮಂಗಳವಾರ

‘ಬಯಲು’ ನನಗೂ ಮೊದಲು ಹೊಳೆದದ್ದೇ. ಎರಡು ತೊಂದರೆ ಇದೆ. ನಮ್ಮಲ್ಲಿ ಬಯಲು ಅಂದರೆ ಸಮತಟ್ಟು. ಆ ಸಂಸ್ಥೆಯ ಜಾಗ ಇಳಿಜಾರು, ರೆಡ್‌ವುಡ್ ಕಾಡು, ಹುಲ್ಲುಗುಡ್ಡ. ನಮ್ಮ ಹುಲ್ಲುಗುಡ್ಡ ಮಾಂದಲಪಟ್ಟಿಯನ್ನು ಯಾರಾದರೂ ಬಯಲು ಅಂತಾರಾ? ಇನ್ನೊಂದು, ಊರ ಬಾಗಿಲಲ್ಲೇ ‘ಬಯಲು ಬಹಿರ್ದೆಸೆ ಮುಕ್ತ ಗ್ರಾಮ’ ಅಂತ ಬೋರ್ಡಿದೆ. ಅದರ ಕೆಳಗೆ ನಿಂತು ‘ಬಯಲು ಉಳಿಸಿ’ ಅಂತ ಚೀಟಿ ಹಂಚಿದರೆ ಹುಡುಗರು ನಗುತ್ತಾರೆ.

ವಿರಾಜಪೇಟೆಯಿಂದ

ಬಯಲು ಅಂದರೆ ಖಾಲಿ ಅಂತ ಎಲ್ಲರೂ ಹೊರಟಿದ್ದೀರಿ. ತಮಿಳು, ಮಲಯಾಳದ ‘ವಯಲ್’ ನೋಡಿ, ಅದು ಗದ್ದೆ. ಪಕ್ಕದ ವಯನಾಡಿನ ಹೆಸರೇ ‘ವಯಲ್ ನಾಡು’ ಅಂತ ಹೇಳುವವರಿದ್ದಾರೆ. 

ನಿಮಗೆ ಬೇಕಾದ ಪದ ಕೊಡಗಿನಲ್ಲೇ ಇದೆ: ‘ಮಂದ್’. ಊರಿಗೆಲ್ಲ ಸೇರಿದ ತೆರೆದ ಜಾಗ. ಸುಗ್ಗಿ ಹಬ್ಬ ಪುತ್ತರಿಯ ಕೋಲಾಟ ಅಲ್ಲೇ. ಅಲ್ಲಿ ಯಾರೂ ಮನೆ ಕಟ್ಟುವುದಿಲ್ಲ, ಬೇಲಿ ಹಾಕುವುದಿಲ್ಲ. ಕನ್ನಡದ ‘ಮಂದೆ’, ತಮಿಳಿನ ‘ಮನ್ರಂ’, ನೀಲಗಿರಿಯ ತೊದವರ ಊರಿಗೆ ಅನ್ನುವ ‘ಮುಂಡ್’ ಎಲ್ಲ ಒಂದೇ ಬೇರಿನವು. ದನ ಕೂಡುವ ಜಾಗ, ಜನ ಕೂಡುವ ಜಾಗ. ಇಷ್ಟು ಹಳೆಯ ಪದ ಅಂಗಳದಲ್ಲಿರುವಾಗ ಕ್ಯಾಲಿಫೋರ್ನಿಯಾ ಕಡೆ ಯಾಕೆ ನೋಡುತ್ತೀರಿ?

ಮಡಿಕೇರಿಯಿಂದ

ಮೇಷ್ಟ್ರೇ, ಪದ ಚೆನ್ನಾಗಿದೆ. ಆದರೆ ಒಂದು ಮಂದ್ ಎಷ್ಟು ದೊಡ್ಡದು? 60,000 ಎಕರೆ ಬೆಟ್ಟವನ್ನು ಮಂದ್ ಅಂದರೆ ಊರಿನ ಹಿರಿಯರು ಏನಂತಾರೆ? ಮಂದ್‌ಗೆ ಆ ಊರಿನವರು ದಿಕ್ಕು. ಇದು ಮೂರು ಕೌಂಟಿಗೆ ಹರಡಿದ ಸರ್ಕಾರಿ ಸಂಸ್ಥೆ. ‘ಬಾಣೆ’ ಅಂದರೆ ಹೇಗೆ? ಗುಡ್ಡ, ಹುಲ್ಲು, ಕಾಡು ಮೂರೂ ಅದರಲ್ಲಿ ಬರುತ್ತಲ್ವಾ?

ಮೈಸೂರಿನಿಂದ (ಮೊದಲು ಮಡಿಕೇರಿ ಕೋರ್ಟಿನಲ್ಲಿದ್ದವನು)

ಬಾಣೆ ಮುಟ್ಟಬೇಡಿ. ಅದು ಬರೀ ಪದ ಅಲ್ಲ, ಕಾನೂನಿನ ತಂಟೆ. ಗದ್ದೆಗೆ ಅಂಟಿಕೊಂಡು, ಸೊಪ್ಪು ಸೌದೆ ಮೇವಿಗೆ ಅಂತ ಬಂದ ಜಾಗ. 1899ರ ಕೊಡಗು ಭೂ ಕಂದಾಯ ರೆಗ್ಯುಲೇಷನ್‌ನಲ್ಲಿ ಇದೆ, 1964ರ ಭೂ ಕಂದಾಯ ಕಾಯ್ದೆಯ 79ನೇ ಕಲಂನಲ್ಲಿ ಇದೆ. ಬಾಣೆ ಯಾರದ್ದು, ಮರ ಯಾರದ್ದು ಅಂತ ತಲೆಮಾರುಗಟ್ಟಲೆ ಜಗಳ ಆಗಿದೆ. ‘ಬಾಣೆ ಉಳಿಸುವ ಸಂಸ್ಥೆ’ ಅಂತ ಅಚ್ಚು ಹಾಕಿದರೆ ಸಭೆಗೆ ಬರುವವರು ಪಹಣಿ ಹಿಡಿದುಕೊಂಡೇ ಬರುತ್ತಾರೆ. ‘ಪೈಸಾರಿ’ಯೂ (ಸರ್ಕಾರಿ ಜಾಗ) ಬೇಡ. ಆ ಪದ ಕೇಳಿದ ಕೂಡಲೇ ಅರ್ಜಿ ಎಲ್ಲಿ ಹಾಕಬೇಕು ಅಂತ ಕೇಳುವವರಿದ್ದಾರೆ.

‘ಪ್ರಾಧಿಕಾರ’ ಅಂದವರಿಗೆ: ನಮ್ಮ ಕಡೆ ಪ್ರಾಧಿಕಾರ ಅಂದರೆ ನಕ್ಷೆ ಪಾಸು ಮಾಡುವ ಕಚೇರಿ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ನೆನಪಾಗುತ್ತೆ. ಈ ಸಂಸ್ಥೆಗೆ ಆ ಅಧಿಕಾರವೇ ಇಲ್ಲ ಅಂತ ಕೇಳಿದವರು ಮೊದಲ ಪತ್ರದಲ್ಲೇ ಬರೆದಿದ್ದಾರೆ. ‘ಮಂಡಳಿ’ ಸಾಕು.

ಈಗ ಮುಖ್ಯ ವಿಷಯ. ಅದನ್ನು ಯಾರೂ ಗಮನಿಸಿಲ್ಲ. ಇಂಗ್ಲಿಷಿನ ‘ಅಕ್ವೈರ್’ನಲ್ಲಿ ದುಡ್ಡು ಕೊಟ್ಟು ಕೊಳ್ಳುವುದೂ ಸೇರಿದೆ, ದಾನ ಪಡೆಯುವುದೂ ಸೇರಿದೆ, ಒತ್ತಾಯದಿಂದ ತೆಗೆದುಕೊಳ್ಳುವುದೂ ಸೇರಿದೆ. ನಮ್ಮಲ್ಲಿ ಅಕ್ವೈರ್‌ಗೆ ಕಣ್ಣುಮುಚ್ಚಿ ‘ಸ್ವಾಧೀನಪಡಿಸಿಕೊಳ್ಳು’ ಅಂತ ಬರೆಯುತ್ತಾರೆ. 1894ರ ಕಾಯ್ದೆಯಿಂದ 2013ರ ಕಾಯ್ದೆವರೆಗೆ ಭೂಸ್ವಾಧೀನ ಅಂದರೆ ಜನರಿಗೆ ಒಂದೇ ಅರ್ಥ: ನೋಟಿಸು ಬರುತ್ತೆ, ಜಾಗ ಹೋಗುತ್ತೆ. ಪಹಣಿಯಲ್ಲಿ ‘ಸ್ವಾಧೀನದಾರರು’ ಅಂದರೆ ಇನ್ನೊಂದು, ಜಮೀನು ಯಾರ ಹೆಸರಿನಲ್ಲಿದೆಯೋ ಅವರು. ನಿಮ್ಮ ನಾಲ್ಕು ಪುಟದಲ್ಲಿ ‘ಅಕ್ವೈರ್’ ಎಷ್ಟು ಸಲ ಇದೆ ಎಣಿಸಿ.

ಮಡಿಕೇರಿಯಿಂದ

ಹನ್ನೊಂದು ಸಲ. ಹನ್ನೊಂದಕ್ಕೂ ‘ಸ್ವಾಧೀನ’ ಅಂತ ಬರೆದಿದ್ದೆ! ಒತ್ತಾಯದ ಮಾತು ಬರುವುದು ಎರಡೇ ಕಡೆ. ಅದರಲ್ಲಿ ಒಂದು, ಆ ಅಧಿಕಾರ ಇಲ್ಲ ಅಂತ ಹೇಳುವ ಸಾಲು. 2004ರಲ್ಲಿ ಸ್ಯಾನ್ ಮಟೇಓ ಕೌಂಟಿಯ ಕರಾವಳಿಯನ್ನು ಸೇರಿಸಿಕೊಂಡಾಗ, ಆ ಭಾಗದಲ್ಲಿ ಒತ್ತಾಯದಿಂದ ಜಾಗ ತೆಗೆದುಕೊಳ್ಳುವ ಹಾಗಿಲ್ಲ ಅಂತ ಕಾನೂನಿನಲ್ಲೇ ಕಟ್ಟು ಹಾಕಿದರು. ಅಲ್ಲಿ ಮಾರಲು ಮನಸ್ಸಿದ್ದವನು ಮಾರಿದರೆ ಮಾತ್ರ. ನಮ್ಮ ಸಭೆಗೆ ಬೇಕಾದ ಸಾಲೇ ಅದು, ಅದನ್ನೇ ನಾನು ಕೆಡಿಸಿದ್ದೆ.

ಕುಶಾಲನಗರದಿಂದ

ಅದಕ್ಕೇ ಹೇಳಿದ್ದು, ‘ಸ್ವಾಧೀನ’ ಸಂಸ್ಕೃತದ ಗೋಜಲು. ‘ನೆಲಗೊಳ್ಳುವ ಹಕ್ಕು’ ಅಂದರೆ ಗೊಂದಲವೇ ಇರುತ್ತಿರಲಿಲ್ಲ. ಹೊರಗಿನ ಪದ ತಂದರೆ ಹೊರಗಿನ ಗೊಂದಲವೂ ಬರುತ್ತೆ.

ಮೈಸೂರಿನಿಂದ

ನೆಲಗೊಳ್ಳು, ನೆಲೆಗೊಳ್ಳು. ಅಚ್ಚಿನವನ ಕೈತಪ್ಪಿ ಒಂದು ಎತ್ವ ಬಿದ್ದರೆ ಸರ್ಕಾರ ಒತ್ತುವರಿದಾರ ಆಗುತ್ತೆ. ಇನ್ನು ‘ಹಕ್ಕು’: ಅದು ಅರಬ್ಬಿ. ಗೊತ್ತಿತ್ತಲ್ಲ?

ಕುಶಾಲನಗರದಿಂದ

ಹಕ್ಕು ಕನ್ನಡದಲ್ಲಿ ಬೇರುಬಿಟ್ಟ ಪದ. ಅದರ ಮಾತೇ ಬೇರೆ.

ಮೈಸೂರಿನಿಂದ

ಹಾಗಾದರೆ ಸ್ವಾಧೀನಕ್ಕೆ ಬೇರು ಇಲ್ಲವಾ? ರೈತ, ವಕೀಲ, ತಾಲ್ಲೂಕು ಅರಬ್ಬಿ. ಜಮೀನು ಪಾರ್ಸಿ. ಜಿಲ್ಲೆಯ ಮೂಲದಲ್ಲಿ ಪಕ್ಕೆಲುಬು ಇದೆ. ಕಾನೂನು ಅರಬ್ಬಿ, ಅರಬ್ಬಿಗೆ ಬಂದದ್ದು ಗ್ರೀಕಿನಿಂದ. ಇವೆಲ್ಲ ತೆಗೆದರೆ ಕಂದಾಯ ಕಚೇರಿಯಲ್ಲಿ ಮೇಜು ಕೂಡ ಉಳಿಯಲ್ಲ, ಮೇಜೂ ಹೊರಗಿನದ್ದೇ. ‘ಎಮಿನೆಂಟ್ ಡೊಮೇನ್’ ಕೂಡ ಇಂಗ್ಲಿಷರ ಸ್ವಂತದ್ದಲ್ಲ. ಗ್ರೋಷಿಯಸ್ ಅನ್ನುವ ಡಚ್ಚರವನು 1625ರಲ್ಲಿ ಲ್ಯಾಟಿನ್ ಪುಸ್ತಕದಲ್ಲಿ ಬರೆದದ್ದು. ಅರ್ಥ ‘ಮೇಲಿನ ಒಡೆತನ’ ಅಂತ. ನಿನ್ನ ಒಡೆತನದ ಮೇಲೆ ಇನ್ನೊಂದು ಒಡೆತನ.

ಕುಶಾಲನಗರದಿಂದ

‘ಮೇಲೊಡೆತನ’! ನೀವೇ ಕೊಟ್ಟಿರಿ ಕನ್ನಡ ಪದ. ಇದನ್ನೇ ಹಾಕಿ.

ಸೋಮವಾರಪೇಟೆಯಿಂದ

ಮೇಲೊಡೆತನ ಅಂದರೆ ಬಾಡಿಗೆದಾರ ಮಹಡಿ ಮೇಲಿದ್ದಾನೆ ಅಂದ್ಕೋತಾರೆ. ಬಿಡಿ ಸಾರ್.

ವಿರಾಜಪೇಟೆಯಿಂದ

ಅರಬ್ಬಿ, ಲ್ಯಾಟಿನ್ ಎಲ್ಲ ಆಯಿತು. ಮಂದ್ ಬಗ್ಗೆ ಯಾರೂ ಉತ್ತರ ಕೊಟ್ಟಿಲ್ಲ.

ಮಡಿಕೇರಿಯಿಂದ, ಬುಧವಾರ

ಮೇಷ್ಟ್ರೇ, ಕೋಪ ಬೇಡ. ನಿಮ್ಮಿಂದ ಇನ್ನೊಂದು ಸಹಾಯ ಬೇಕು. ಆ ಸಂಸ್ಥೆ ಒಮ್ಮೆ ಒಂದು ಜಾಗವನ್ನು ಓಪನ್ ಸ್ಪೇಸ್‌ಗೆ ‘ಡೆಡಿಕೇಟ್’ ಮಾಡಿ ಬಳಸತೊಡಗಿದರೆ, ಆಮೇಲೆ ನಿರ್ದೇಶಕರು ತಾವೇ ಕೂತು ಅದನ್ನು ಮಾರುವ ಹಾಗಿಲ್ಲ. ಜನರ ಮತ ಕೇಳಬೇಕು, ಇಲ್ಲವೇ ರಾಜ್ಯದ ಶಾಸನಸಭೆ ಒಪ್ಪಬೇಕು. ಪಬ್ಲಿಕ್ ರಿಸೋರ್ಸಸ್ ಕೋಡ್‌ನ 5540ನೇ ಕಲಂ. ‘ಸಮರ್ಪಿಸು’ ಅಂತ ಬರೆದಿದ್ದೆ, ಪುಸ್ತಕ ಬಿಡುಗಡೆಯ ಹಾಗೆ ಕೇಳುತ್ತೆ. ‘ಮೀಸಲು’ ಅಂದರೆ ಅರಣ್ಯ ಇಲಾಖೆ ನೆನಪಾಗುತ್ತೆ.

ವಿರಾಜಪೇಟೆಯಿಂದ

‘ಬಿಡು’. ಶಾಸನಗಳಲ್ಲಿ ‘ಬಿಟ್ಟ ದತ್ತಿ’ ಓದಿಲ್ಲವೇ? ಕೊಟ್ಟದ್ದನ್ನು ವಾಪಸ್ ಕೇಳಬಹುದು, ಬಿಟ್ಟದ್ದನ್ನು ಕೇಳುವ ಹಾಗಿಲ್ಲ. ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ, ಎಲ್ಲವೂ ದೇವರಿಗೆ ಬಿಟ್ಟವೇ. ‘ಊರಿಗೆ ಬಿಟ್ಟ ಜಾಗ’ ಅಂತ ಬರೆಯಿರಿ. ಅಜ್ಜಿಗೂ ಅರ್ಥ ಆಗುತ್ತೆ, ಕೋರ್ಟಿಗೂ ಅರ್ಥ ಆಗುತ್ತೆ.

ಮೈಸೂರಿನಿಂದ

ಕೋರ್ಟಿಗೆ ಆಗಲ್ಲ. ಆದರೆ ಕರಪತ್ರಕ್ಕೆ ಇದಕ್ಕಿಂತ ಒಳ್ಳೆ ಪದ ಸಿಗಲ್ಲ. ಮೇಷ್ಟ್ರಿಗೆ ನಮಸ್ಕಾರ.

ಮಡಿಕೇರಿಯಿಂದ, ಬುಧವಾರ ರಾತ್ರಿ

ಸಂಜೆ ಪಕ್ಕದ ತೋಟದ ಮಾವನಿಗೆ ಓದಿ ತೋರಿಸಿದೆ. ಗುಡ್ಡದ ಮೇಲೆ ಅವರದ್ದೂ ಆರು ಎಕರೆ ಇದೆ. ಮಳೆ ಜೋರು, ಕರೆಂಟ್ ಇಲ್ಲ, ಮೊಬೈಲ್ ಟಾರ್ಚಿನಲ್ಲಿ ಹಳೆಯ ಪ್ರತಿಯನ್ನೇ ಶುರುಮಾಡಿದೆ: ‘ಮಂಡಳಿಯು ಬೆಟ್ಟದ ಜಮೀನುಗಳನ್ನು ಸ್ವಾಧೀನಪಡಿಸಿಕೊಳ್ಳುತ್ತದೆ.’ ಮಾವ ಕಾಫಿ ಲೋಟ ಕೆಳಗಿಟ್ಟು, “ಹಾಗಾದ್ರೆ ಭಾನುವಾರ ನಾನು ಬರೋದಿಲ್ಲ” ಅಂದರು. ಹೊಸ ಪ್ರತಿ ತೆಗೆದೆ: ‘ಮಾರಲು ಒಪ್ಪಿದವರಿಂದ ಮಂಡಳಿ ಜಮೀನು ಕೊಂಡುಕೊಳ್ಳುತ್ತದೆ.’ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಎಕರೆಗೆ ಎಷ್ಟು ಕೊಡ್ತಾರಂತೆ?”

ನಾಳೆ ಅಚ್ಚಿಗೆ ಹೋಗುವುದು ಹೀಗೆ. ಸಂಸ್ಥೆಯ ಹೆಸರು ಒಮ್ಮೆ ಪೂರ್ತಿ ಕನ್ನಡ ಲಿಪಿಯಲ್ಲಿ, ಆಮೇಲೆಲ್ಲ ‘ಬೆಟ್ಟ ಬಯಲು ಮಂಡಳಿ’. ‘ಬೆಟ್ಟ’ ಸೇರಿಸಿದ ಮೇಲೆ ಆ ಬೋರ್ಡಿನ ಕಾಟ ಇಲ್ಲ. ಅಕ್ವೈರ್ ಒಂಬತ್ತು ಕಡೆ ‘ಕೊಂಡುಕೊಳ್ಳು’ ಅಥವಾ ‘ಪಡೆದುಕೊಳ್ಳು’, ಎರಡೇ ಕಡೆ ‘ಕಡ್ಡಾಯ ಭೂಸ್ವಾಧೀನ’. ಡೆಡಿಕೇಟ್‌ಗೆ ಮೇಷ್ಟ್ರ ‘ಊರಿಗೆ ಬಿಟ್ಟ ಜಾಗ’. ಖಂಡಿಸುವ ಅಧಿಕಾರ ಎಲ್ಲೂ ಇಲ್ಲ.

ಕುಶಾಲನಗರದಿಂದ

‘ಕಡ್ಡಾಯ ಭೂಸ್ವಾಧೀನ’ಕ್ಕೆ ನನ್ನ ವಿರೋಧ ದಾಖಲಾಗಲಿ. (ದಾಖಲು ಅರಬ್ಬಿ ಅಂತ ಗೊತ್ತು. ಮೈಸೂರಿನವರು ಬರೆಯಬೇಕಾಗಿಲ್ಲ.)

ವಿರಾಜಪೇಟೆಯಿಂದ

ಬೆಟ್ಟ ಬಯಲು ಸರಿ. ಮಂದ್ ಇನ್ನೂ ಚೆನ್ನಾಗಿತ್ತು.